‘ಸಾಯೋದೇ ಇಲ್ಲ’ ಅಂತ ಕೊಟ್ಟ ಗಿಡ ನನ್ನ ಕೈಯಲ್ಲಿ ಸತ್ತದ್ದು ಹೀಗೆ

“ಇದನ್ನ ಮರೆತುಬಿಟ್ಟರೂ ಬದುಕತ್ತೆ ಮೇಡಂ” ಅಂದಿದ್ದರು ಗಿಡ ಮಾರಿದವರು. ನಾನು ಮರೆಯಲಿಲ್ಲ. ತಪ್ಪಾಗಿದ್ದು ಅಲ್ಲೇ.

ಜೀಜೀ ಪ್ಲಾಂಟ್. ಎಣ್ಣೆ ಸವರಿದಂಥ ಹೊಳಪಿನ ಎಲೆ, ಬುಡದಲ್ಲಿ ಉಬ್ಬಿಕೊಂಡ ದಪ್ಪ ದಂಟು, ಜೊತೆಗೆ ನುಣುಪಾದ ಬಿಳಿ ಪಿಂಗಾಣಿ ಕುಂಡ. ಅದಕ್ಕಿಂತ ಮುಂಚೆ ಗುಲಾಬಿ, ತುಳಸಿ ಎಲ್ಲ ಒಣಗಿಸಿ ಹೆಸರು ಕೆಡಿಸಿಕೊಂಡಿದ್ದವಳು ನಾನು. ಈ ಸಲ ಹಾಗಾಗಬಾರದು ಅಂತ ಎರಡು ದಿನಕ್ಕೊಮ್ಮೆ ತಪ್ಪದೆ ಒಂದು ಲೋಟ ನೀರು ಹಾಕಿದೆ. ನೆರಳಲ್ಲೂ ಬೆಳೆಯುತ್ತೆ ಅಂದಿದ್ದರಲ್ಲ, ಕಿಟಕಿಯಿಂದ ಹದಿನೈದು ಅಡಿ ದೂರ, ಟಿವಿ ಪಕ್ಕದ ಮೂಲೆಗೆ ಇಟ್ಟೆ. ಎರಡು ತಿಂಗಳು ಒಂದೆಲೆಯೂ ಬಾಡಲಿಲ್ಲ. ಕಡೆಗೂ ನನ್ನ ಕೈಗುಣ ಬದಲಾಯಿತು ಅಂದುಕೊಂಡೆ.

ಮೂರನೇ ತಿಂಗಳು ದೀಪದ ಸುತ್ತ ಸಣ್ಣ ಕಪ್ಪು ಗುಂಗುರು ಹಾರಾಡತೊಡಗಿದವು. ಹಣ್ಣಿನ ಬುಟ್ಟಿಯ ಮೇಲೆ ಅನುಮಾನಪಟ್ಟು ಅದನ್ನು ತೊಳೆದಿಟ್ಟೆ. ಸದಾ ಹಸಿಯಾಗಿರೋ ಮಣ್ಣಲ್ಲಿ ಮೊಟ್ಟೆ ಇಡೋ ಹುಳ ಅದು ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಆಮೇಲೆ ಕೆಳಗಿನ ಎರಡು ಎಲೆ ಹಳದಿಯಾದವು. ಪಾಪ, ನೀರು ಸಾಲುತ್ತಿಲ್ಲವೇನೋ ಅಂತ ಇನ್ನರ್ಧ ಲೋಟ ಹೆಚ್ಚು ಹಾಕಿದೆ, ಮೇಲೊಂದು ಚಮಚ ಗೊಬ್ಬರ. ಒಂದು ಬೆಳಗ್ಗೆ ಎಲೆ ಮೇಲಿನ ಧೂಳು ಒರೆಸೋಣ ಅಂತ ದಂಟು ಹಿಡಿದೆ ನೋಡಿ, ಅದು ಬುಡಸಮೇತ ಕೈಗೇ ಬಂತು. ತುದಿಯಲ್ಲಿ ಕಂದು ಲೋಳೆ. ವಾಸನೆ ಬೇಡ.

ಹಳೇ ಪೇಪರ್ ಹಾಸಿ ಕುಂಡ ಬೋರಲು ಹಾಕಿದೆ. ತಳಕ್ಕೆ ಒಂದೇ ಒಂದು ತೂತಿರಲಿಲ್ಲ. ತೂತಿನ ಬದಲಿಗೆ ಮೂರು ಬೆರಳಿನಷ್ಟು ಬೆಣಚುಕಲ್ಲು, ಅದರ ನಡುವೆ ಕಪ್ಪು ನೀರು. “ಕೆಳಗೆ ಕಲ್ಲು ಹಾಕಿದರೆ ನೀರು ಬಸಿಯುತ್ತೆ” ಅನ್ನೋದನ್ನ ನಾನೂ ಎಷ್ಟೋ ಜನಕ್ಕೆ ಹೇಳಿದ್ದೆ. ಹಾಗಾಗಲ್ಲ. ನುಣ್ಣನೆ ಮಣ್ಣು ಪೂರ್ತಿ ತೊಯ್ಯುವವರೆಗೂ ನೀರನ್ನ ಕೆಳಗಿನ ಕಲ್ಲಿಗೆ ಬಿಟ್ಟುಕೊಡೋದಿಲ್ಲ. ಕಲ್ಲಿನ ಪದರ ಇದ್ದಷ್ಟೂ ಆ ಕೆಸರು ಬೇರಿಗೆ ಹತ್ತಿರ ಬರುತ್ತೆ, ಅಷ್ಟೇ. ಮೇಲೆ ತುಂಬಿದ್ದೂ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಸ್ಪಂಜಿನ ಹಾಗೆ ನೀರು ಹಿಡಿದು ಕೂತಿತ್ತು. ಆಲೂಗಡ್ಡೆ ಗಾತ್ರದ ಐದು ಗೆಡ್ಡೆಗಳಲ್ಲಿ ನಾಲ್ಕು ಒತ್ತಿದರೆ ಪಿಚಕ್ ಅಂದವು. ಒಂದು ಮಾತ್ರ ಗಟ್ಟಿ ಇತ್ತು.

ನನಗೆ ಅರಗಲಾರದ್ದು ಅಂದರೆ ಅಷ್ಟು ದಿನದ ಆ ಹಸಿರು. ಬೇರು ಕೊಳೆತು ವಾರಗಳೇ ಆಗಿರಬೇಕು, ಕೆಳಗಿನ ಆ ಎರಡು ಬಿಟ್ಟರೆ ಎಲೆ ಮಾತ್ರ ಮೊದಲ ದಿನದ ಹಾಗೇ ಮಿಂಚುತ್ತಿತ್ತು. ಇದು ಪೂರ್ವ ಆಫ್ರಿಕಾದ ಕಡೆಯ ಗಿಡ, ತಿಂಗಳುಗಟ್ಟಲೆ ಮಳೆ ಬಾರದ ನೆಲಕ್ಕೆ ಹೊಂದಿಕೊಂಡಿದ್ದು. ಗೆಡ್ಡೆಯಲ್ಲೂ ದಂಟಿನಲ್ಲೂ ನೀರು ಕೂಡಿಟ್ಟುಕೊಳ್ಳುತ್ತೆ. ಕತ್ತರಿಸಿ ಹೂದಾನಿಯಲ್ಲಿಟ್ಟ ದಂಟೇ ತಿಂಗಳುಗಟ್ಟಲೆ ಹಸಿರಾಗಿರುತ್ತೆ. ಹಾಗಾಗಿ ಕೆಳಗೆ ಬೇರು ಹೋದದ್ದು ಮೇಲಿನ ಎಲೆಗೆ ಬಹಳ ದಿನ ತಿಳಿಯೋದೇ ಇಲ್ಲ, ಕೂಡಿಟ್ಟಿದ್ದನ್ನ ತಿಂದುಕೊಂಡು ಇರುತ್ತೆ. ನೀರಿಲ್ಲದೆ ಬದುಕಿಸೋ ಗುಣವೇ ನೀರು ಹೆಚ್ಚಾದ ಸುದ್ದಿಯನ್ನ ಮುಚ್ಚಿಡುತ್ತೆ. ಮೃದು ಗಿಡಗಳೇ ವಾಸಿ, ಮೂರನೇ ದಿನಕ್ಕೆ ಜೋತುಬಿದ್ದು ದೂರು ಕೊಡುತ್ತವೆ.

ಇನ್ನೊಂದು ಮೋಸ ಗೊತ್ತಾ? ಬೇರಿಗೂ ಉಸಿರಾಡೋಕೆ ಗಾಳಿ ಬೇಕು. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿಹೋದರೆ ಬೇರು ಉಸಿರುಗಟ್ಟುತ್ತೆ, ಕೊಳೆರೋಗದ ಶಿಲೀಂಧ್ರಗಳಿಗೆ ಹಬ್ಬ. ಕೊಳೆತ ಬೇರು ನೀರು ಹೀರೋದಿಲ್ಲ, ಕೂಡಿಟ್ಟಿದ್ದು ಮುಗಿದ ಮೇಲೆ ಎಲೆ ಹಳದಿಯಾಗಿ ಬಾಡುತ್ತೆ. ಅಂದರೆ ನೀರಲ್ಲಿ ಮುಳುಗಿರೋ ಗಿಡ ಥೇಟ್ ಬಾಯಾರಿದ ಗಿಡದ ಹಾಗೇ ಕಾಣುತ್ತೆ! ನಾನು ಆ ಇನ್ನರ್ಧ ಲೋಟ ಸುರಿದಿದ್ದು ಇದೇ ಭ್ರಮೆಯಲ್ಲಿ.

ಮೂಲೆಯ ಕತ್ತಲೂ ಸೇರಿಕೊಂಡಿತ್ತು. ಬೆಳಕು ಕಡಿಮೆ ಇದ್ದರೆ ಗಿಡ ಕುಡಿಯೋದೂ ಕಡಿಮೆ. ಕಿಟಕಿ ಪಕ್ಕ ಬೇಗ ಮುಗಿಯೋ ನೀರು ಮೂಲೆಯಲ್ಲಿ ವಾರಗಟ್ಟಲೆ ನಿಲ್ಲುತ್ತೆ. ಕಡಿಮೆ ಬೆಳಕಲ್ಲಿ ತಡೆದುಕೊಳ್ಳುತ್ತೆ ಅಂದರೆ ಅಲ್ಲಿ ಬೆಳೆಯುತ್ತೆ ಅಂತ ಅಲ್ಲ, ನಿಧಾನಕ್ಕೆ ಸೊರಗುತ್ತೆ ಅಂತ. ನಮ್ಮ ಕಣ್ಣು ಮಬ್ಬಿಗೆ ಹೊಂದಿಕೊಂಡುಬಿಡೋದರಿಂದ ಬೆಳಕಿನ ವಿಷಯದಲ್ಲಿ ಕಣ್ಣನ್ನ ನಂಬೋ ಹಾಗಿಲ್ಲ. ಹಗಲು ಹೊತ್ತಲ್ಲಿ ಆ ಜಾಗದಲ್ಲಿ ಕೈ ಅಡ್ಡ ಹಿಡಿದು ನೋಡಿ, ಮಸುಕಾಗಿಯಾದರೂ ನೆರಳು ಬೀಳದಿದ್ದರೆ ಅಲ್ಲಿ ಯಾವ ಗಿಡವೂ ಬೇಡ.

ಅಂದಹಾಗೆ, ಗಿಡ ಕೊಳ್ಳೋಕೆ ನನ್ನನ್ನ ಒಪ್ಪಿಸಿದ್ದು “ಮನೆ ಗಾಳಿ ಶುದ್ಧವಾಗುತ್ತೆ” ಅನ್ನೋ ಮಾತೂ ಹೌದು. ಆ ಮಾತಿನ ಮೂಲ 1989ರ ನಾಸಾ ಪ್ರಯೋಗ, ಮಾಡಿದ್ದು ಗಾಳಿಯಾಡದ ಹಾಗೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದವರ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಗೋ ಗಾಳಿಯಾಟಕ್ಕೆ ಸಮ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಕಿಟಕಿ ತೆಗೆದರೆ ಸಾಕು ಅನ್ನಿ.

ಉಳಿದ ಆ ಒಂದು ಗೆಡ್ಡೆಯನ್ನ ಎರಡು ದಿನ ನೆರಳಲ್ಲಿ ಆರಲು ಬಿಟ್ಟು, ತಳದಲ್ಲಿ ತೂತಿರೋ ಅಂಗೈಯಗಲದ ಪ್ಲಾಸ್ಟಿಕ್ ಕುಂಡದಲ್ಲಿ ಅರ್ಧ ಕೋಕೋಪೀಟ್, ಅರ್ಧ ದಪ್ಪ ಮರಳು ಬೆರೆಸಿ ನೆಟ್ಟೆ. ಒಂದು ವಾರ ನೀರೇ ತೋರಿಸಲಿಲ್ಲ. ನಾಲ್ಕು ತಿಂಗಳಿಗೆ ಒಂದು ಮೊಳಕೆ ಬಂತು. ಬಿಳಿ ಕುಂಡ ಈಗ ಬರೀ ಹೊರಗಿನ ಅಂಗಿ: ನೀರು ಹಾಕುವಾಗ ಒಳಗಿನದನ್ನ ಹೊರಗೆತ್ತಿ, ಚೆನ್ನಾಗಿ ಕುಡಿಸಿ, ಬಸಿದ ಮೇಲೆ ವಾಪಸ್ ಇಡ್ತೀನಿ. ವಾರ, ತಾರೀಕು ನೋಡೋದು ಬಿಟ್ಟಿದ್ದೀನಿ. ಊದಿನಕಡ್ಡಿಯ ಕಡ್ಡಿಯನ್ನ ತಳದವರೆಗೆ ಚುಚ್ಚಿ ತೆಗೀತೀನಿ, ಮಣ್ಣು ಅಂಟಿಕೊಂಡು ಬಂದರೆ ಅವತ್ತು ನೀರಿಲ್ಲ. ಕುಂಡ ಎತ್ತಿದರೆ ಭಾರದಲ್ಲೂ ತಿಳಿಯುತ್ತೆ. ನನ್ನ ಮನೆಯಲ್ಲಿ ಬಿಸಿಲುಗಾಲದಲ್ಲಿ ಸುಮಾರು ಮೂರು ವಾರಕ್ಕೊಮ್ಮೆ, ತಂಪಿನ ದಿನಗಳಲ್ಲಿ ತಿಂಗಳು ದಾಟುತ್ತೆ. ಸ್ನೇಕ್ ಪ್ಲಾಂಟಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಮನಿ ಪ್ಲಾಂಟ್ ಮಾತ್ರ ಇನ್ನೂ ಬೇಗ ಕೇಳುತ್ತೆ.

ಗೆಡ್ಡೆ ಬಿಡಿಸಿದ ದಿನ ಬರಿಗೈಯಲ್ಲಿ ಮಾಡಿದ್ದಕ್ಕೆ ಸಂಜೆತನಕ ಕೈ ತುರಿಸಿತು. ಆಗ ಓದಿದೆ: ಜೀಜೀ, ಮನಿ ಪ್ಲಾಂಟ್, ಅಗ್ಲೋನಿಮಾ, ಡೈಫೆನ್‌ಬೇಕಿಯಾ ಎಲ್ಲ ಕೆಸುವಿನ ಕುಟುಂಬದವೇ. ಹಸಿ ಕೆಸು ಯಾಕೆ ನಾಲಿಗೆ ಕೆರೆಯುತ್ತೋ ಇವೂ ಅದಕ್ಕೇ ಕೆರೆಯೋದು, ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಡೈಫೆನ್‌ಬೇಕಿಯಾ ಜಗಿದರೆ ಬಾಯಿ, ಗಂಟಲು ಊದಿಕೊಳ್ಳುತ್ತೆ. ಅಂಬೆಗಾಲಿಡೋ ಮಗು, ಎಲೆ ಕಚ್ಚೋ ಬೆಕ್ಕು ಇರೋ ಮನೆಗೂ ಇವನ್ನೇ “ತಾಪತ್ರಯವಿಲ್ಲದ ಗಿಡ” ಅಂತ ದಾಟಿಸುತ್ತಾರೆ, ಈ ವಿಷಯ ಬಾಯಿಬಿಡೋದಿಲ್ಲ. ಅಂಥವರಿಗೆ ಸ್ಪೈಡರ್ ಪ್ಲಾಂಟ್ ಒಳ್ಳೇದು. ಅದಕ್ಕೆ ವಿಷ ಇಲ್ಲ, ಮರಿಗಳನ್ನೂ ಧಾರಾಳವಾಗಿ ಕೊಡುತ್ತೆ.

ಕೊಳ್ಳುವಾಗ ಎಲೆಯ ಹೊಳಪಿಗೆ ಮರುಳಾಗಬೇಡಿ, ಅದನ್ನ ಸ್ಪ್ರೇ ಹೊಡೆದೂ ತರಿಸಬಹುದು. ಕುಂಡ ಎತ್ತಿ ತಳ ನೋಡಿ. ದಂಟನ್ನ ಮೆಲ್ಲಗೆ ಅಲ್ಲಾಡಿಸಿ. ಎಲೆ ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ ಅನ್ನೋ ರಸ ಹೀರೋ ಹುಳ, ಆ ಗಿಡವನ್ನ ಅಲ್ಲೇ ಬಿಟ್ಟು ಬನ್ನಿ.

ಮೊನ್ನೆ ತಂಗಿ ಮನೆಗೆ ಹೋಗಿದ್ದೆ. ಹಜಾರದ ಮೂಲೆಯಲ್ಲಿ ಅದೇ ಗಿಡ, ಅಂಥದೇ ನುಣುಪು ಕುಂಡ. ಎತ್ತಿ ನೋಡಿದರೆ ರುಬ್ಬೋ ಕಲ್ಲಿನ ಭಾರ.

“ನೀರು ಯಾವಾಗ ಹಾಕಿದ್ದು?”

“ದಿನಾ ಹಾಕ್ತೀನಲ್ಲ ಅಕ್ಕ. ನೋಡು, ಎಷ್ಟು ಹಸಿರಾಗಿದೆ!”

ಹಳೇ ಪೇಪರ್ ಎಲ್ಲಿದೆ ಅಂತ ಕೇಳಿದೆ.