ರೋಗಿಗಳ ಮನೆಗೆ ಒಯ್ಯುವ ಕರ್ತನ ಭೋಜನದ ಪೆಟ್ಟಿಗೆ: ಕೊಡಗಿನ ಮಳೆಗೆ ತಡೆಯುತ್ತದೆಯೇ?

ಹಾಸಿಗೆ ಹಿಡಿದವರಿಗೆ, ದೇವಾಲಯದ ಮೆಟ್ಟಿಲು ಹತ್ತಲಾಗದ ವಯಸ್ಸಾದವರಿಗೆ ಮನೆಯಲ್ಲೇ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಲು ಅಯ್ಯನವರು (ಸಭಾಪಾಲಕರು) ಒಯ್ಯುವ ಸಣ್ಣ ಪೆಟ್ಟಿಗೆ ಇದು. ಕ್ರೈಸ್ತ ಸಾಮಗ್ರಿಗಳ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಸಿಗುತ್ತದೆ. ಹೊರಗೆ ಕಪ್ಪು ರೆಕ್ಸಿನ್, ಒಳಗೆ ಕೆಂಪು ಇಲ್ಲವೇ ನೀಲಿ ಮಖಮಲ್ಲು. ಮಖಮಲ್ಲಿನಲ್ಲಿ ಕೊರೆದ ಗುಳಿಗಳಲ್ಲಿ ನಾಲ್ಕರಿಂದ ಆರು ಪುಟ್ಟ ಲೋಟ, ಒಂದು ತಟ್ಟೆ, ರೊಟ್ಟಿಯ ಡಬ್ಬಿ, ದ್ರಾಕ್ಷಾರಸದ ಶೀಶೆ. ಕೊಳ್ಳಬಹುದೇ ಎಂದರೆ, ಕೊಳ್ಳಬಹುದು. ಆದರೆ ಕೊಂಡ ದಿನವೇ ಒಯ್ಯುವಂತಿಲ್ಲ. ಕೊಡಗಿನ ಥಂಡಿ ಮತ್ತು ರಸ್ತೆ, ಇವೆರಡನ್ನೂ ಈ ಪೆಟ್ಟಿಗೆ ಮಾಡಿದವರು ಕಂಡಿಲ್ಲ.

ಇಲ್ಲಿ ಇಂಥ ಪೆಟ್ಟಿಗೆಗೆ ಕೆಲಸ ಜಾಸ್ತಿ. ದೇವಾಲಯ ಊರಿನಲ್ಲಿ, ಸಭೆಯ ಜನ ತೋಟಗಳಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ಕಾಲದಲ್ಲಿ, 1850ರ ದಶಕದಲ್ಲಿ, ಸಿದ್ದಾಪುರದ ಬಳಿ ಆನಂದಪುರದಲ್ಲಿ ಸಭೆ ನೆಲೆಗೊಂಡಾಗಿನಿಂದಲೂ ಈ ದೂರ ಇದ್ದದ್ದೇ. ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆಯಲ್ಲಿ) ಮಲಗಿರುವ ಒಬ್ಬ ಅಜ್ಜಿಯನ್ನು ನೋಡಲು ಟಾರು ರಸ್ತೆ ಬಿಟ್ಟು ಕಲ್ಲುಹಾದಿಯಲ್ಲಿ ಜೀಪಿನಲ್ಲೋ ಬೈಕಿನ ಹಿಂದೆ ಕೂತೋ ಹೋಗಬೇಕು. ಮರೆತ ಸಾಮಾನು ತರಲು ವಾಪಸ್ ಬರುವ ಮಾತೇ ಇಲ್ಲ.

ಮೊದಲು ಕೈಕೊಡುವುದು ಶೀಶೆ. ಹೆಚ್ಚಿನ ಸೆಟ್ಟುಗಳಲ್ಲಿ ಲೋಹದ ತಿರುಪು ಮುಚ್ಚಳದೊಳಗೆ ತೆಳುವಾದ ವಾಷರ್ ಒಂದೇ ಇರುತ್ತದೆ. ಸಮತಟ್ಟಾದ ಊರಿನಲ್ಲಿ ಅದು ಸಾಕು. ಇಲ್ಲಿನ ತಿರುವುಗಳಲ್ಲಿ ಪೆಟ್ಟಿಗೆ ಅಡ್ಡ ಬಿದ್ದರೆ ಅರ್ಧ ಗಂಟೆಯಲ್ಲಿ ಮಖಮಲ್ಲು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಶೀಶೆಗೆ ನೀರು ತುಂಬಿ, ಮುಚ್ಚಳ ತಿರುಗಿಸಿ, ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ 10 ನಿಮಿಷ ತಲೆಕೆಳಗಾಗಿ ನಿಲ್ಲಿಸಿ. ಹಾಳೆಯ ಮೇಲೆ ಒಂದು ಚುಕ್ಕೆ ಒದ್ದೆ ಕಂಡರೂ ಆ ಶೀಶೆ ಬೇಡ. ಆನ್‌ಲೈನಿನಲ್ಲಿ ತರಿಸಿದರೆ ಮನೆಯಲ್ಲಿ ಇದೇ ಪರೀಕ್ಷೆ ಮಾಡಿ, ಸೋರಿದರೆ ಸೆಟ್ಟಿನ ಶೀಶೆಯನ್ನು ಬದಿಗಿಟ್ಟು 60 ಮಿಲಿಲೀಟರಿನ ದಪ್ಪ ಗಾಜಿನ ಔಷಧಿ ಶೀಶೆ ಬಳಸಿ. ಹೊಸದನ್ನೇ ಕೊಳ್ಳಿ, ಕೆಮ್ಮಿನ ಔಷಧಿ ತೊಳೆದದ್ದು ಬೇಡ, ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ. ಒಬ್ಬರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಲೆಕ್ಕ ಹಿಡಿದರೂ ಈ ಶೀಶೆ ಹತ್ತು ಹನ್ನೆರಡು ಜನಕ್ಕೆ ಆಗುತ್ತದೆ.

ಇನ್ನು ಮಖಮಲ್ಲು. ಅಂಗಡಿಯ ದೀಪದಡಿ ಅದು ಚೆಂದ. ಕಕ್ಕಡದ (ಜುಲೈ-ಆಗಸ್ಟಿನ) ಮಳೆ ಹಿಡಿದಾಗ ಅಲಮಾರಿಯಲ್ಲಿಟ್ಟ ಪೆಟ್ಟಿಗೆಯನ್ನು ಎರಡು ವಾರ ಬಿಟ್ಟು ತೆರೆದರೆ ಗುಳಿಗಳ ಅಂಚಿನಲ್ಲಿ ಬೂದು ಬೂಷ್ಟು, ಹಳೆ ಗೋಣಿಯ ವಾಸನೆ. ಮಖಮಲ್ಲಿನ ಕೆಳಗಿನ ಸ್ಪಂಜು ನೀರಿನ ಪಸೆ ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಗುಳಿಗಳಿರುವ ಮಖಮಲ್ಲಿನ ಪದರ ಎತ್ತಿ ತೆಗೆಯುವಂಥದ್ದಾದರೆ ಮಳೆಗಾಲದ ನಾಲ್ಕು ತಿಂಗಳು ಅದನ್ನು ತೆಗೆದಿಡಿ. ಲೋಟಗಳನ್ನು ಒಗೆದು ಇಸ್ತ್ರಿ ಮಾಡಿದ ಬಿಳಿ ಹತ್ತಿಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ ಇಡಬಹುದು. ಅಂಟಿಸಿದ್ದಾದರೆ 10 ಗ್ರಾಮಿನ ಎರಡು ಸಿಲಿಕಾ ಜೆಲ್ ಪೊಟ್ಟಣ ಒಳಗಿಡಿ. ನೀಲಿ ಹರಳಿನದು ಬೇಡ. ಆ ಬಣ್ಣಕ್ಕೆ ಕೋಬಾಲ್ಟ್ ಕ್ಲೋರೈಡ್ ಬಳಸುತ್ತಾರೆ, ಅದು ವಿಷ. ರೊಟ್ಟಿಯ ಪಕ್ಕ ಇರಬಾರದು. ಬಿಳಿಯದೋ ಕಿತ್ತಳೆ ಬಣ್ಣದ್ದೋ ಸಾಕು. ಕಿತ್ತಳೆ ಹರಳು ಪಸೆ ತುಂಬಿದಾಗ ಬಣ್ಣ ಬದಲಿಸುವುದರಿಂದ ಯಾವಾಗ ಬದಲಾಯಿಸಬೇಕೆಂಬುದು ನೋಡಿದರೇ ತಿಳಿಯುತ್ತದೆ. ಕುಶಾಲನಗರದ ಕಡೆ ಗಾಳಿ ಒಣಗಿರುವುದರಿಂದ ಈ ತಾಪತ್ರಯ ಕಡಿಮೆ. ಮಡಿಕೇರಿ, ಭಾಗಮಂಡಲದ ಕಡೆಯವರಿಗೆ ಇದು ತಪ್ಪಿದ್ದಲ್ಲ.

ಲೋಹದ ಆಯ್ಕೆಯಲ್ಲಿ ಎರಡು ಮಾತಿಲ್ಲ, ಸ್ಟೇನ್‌ಲೆಸ್ ಸ್ಟೀಲೇ ಸರಿ. ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ ಕೊಟ್ಟದ್ದು ಕಾಣಿಕೆ ಕೊಡುವವರ ಕಣ್ಣಿಗೆ ಹಿಡಿಸುತ್ತದೆ, ಬೆಲೆಯೂ ಹೆಚ್ಚು. ಲೋಟದ ಒಳಗಿನ ಲೇಪ ತಿಕ್ಕಿ ತಿಕ್ಕಿ ಸವೆದು ಹಳದಿ ಇಣುಕಿತೆಂದರೆ ದ್ರಾಕ್ಷಿಯ ಹುಳಿ ಹಿತ್ತಾಳೆಗೆ ತಾಗಿ ಕಿಲುಬು ಏಳುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡುವುದಿಲ್ಲವಲ್ಲ, ಅದೇ ಕಾರಣ. ಸ್ಟೀಲ್ ಎಂದು ಮಾರುವುದರಲ್ಲೂ ಮೋಸ ಇರುತ್ತದೆ. ಒಂದು ಅಯಸ್ಕಾಂತ ಹಿಡಿದು ನೋಡಿ: ಗಟ್ಟಿಯಾಗಿ ಅಂಟಿಕೊಂಡರೆ ಕಬ್ಬಿಣದ ಮೇಲಿನ ಕ್ರೋಮ್ ಲೇಪವೋ ಕಡಿಮೆ ದರ್ಜೆಯ ಸ್ಟೀಲೋ ಇರಬೇಕು, ಲೋಟದ ಅಂಚು ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಗಾಜಿನ ಲೋಟಗಳಿರುವ ಸೆಟ್ಟು ಜೀಪಿನ ಪ್ರಯಾಣಕ್ಕೆ ಆಗುವುದಿಲ್ಲ.

ರೊಟ್ಟಿಯ ಡಬ್ಬಿಯ ಮುಚ್ಚಳ ಹೆಚ್ಚಿನ ಸೆಟ್ಟುಗಳಲ್ಲಿ ಸಡಿಲ. ರೊಟ್ಟಿಯಾಗಿ ಬಳಸುವ ವೇಫರ್ ಎಂದರೆ ಗೋಧಿಹಿಟ್ಟು ಮತ್ತು ನೀರು ಮಾತ್ರ, ಕಾಗದದಷ್ಟು ತೆಳು. ಗಾಳಿಯ ಪಸೆಯನ್ನು ಹಪ್ಪಳಕ್ಕಿಂತ ಬೇಗ ಹೀರುತ್ತದೆ. ಸರಿಯಾಗಿರುವುದನ್ನು ಮುರಿದರೆ ಟಕ್ಕೆಂದು ಸದ್ದಾಗುತ್ತದೆ. ಮೆತ್ತಗಾದದ್ದು ಬಾಗುತ್ತದೆ, ಹರಿಯುತ್ತದೆ, ವಯಸ್ಸಾದವರ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನುಂಗಲು ಒದ್ದಾಡುವವರಿಗೆ ಇದರಿಂದ ಆಗುವ ಕಷ್ಟ ಸಣ್ಣದಲ್ಲ. ಇಡೀ ಪ್ಯಾಕೆಟ್ಟನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟು, ಹೊರಡುವ ಬೆಳಗ್ಗೆ ಬೇಕಾದಷ್ಟನ್ನು ಮಾತ್ರ ಪೆಟ್ಟಿಗೆಯ ಡಬ್ಬಿಗೆ ಹಾಕಿ. ಲೆಕ್ಕ: ತೆಗೆದುಕೊಳ್ಳುವವರ ಸಂಖ್ಯೆಗೆ ಮೂರು ಹೆಚ್ಚು. ರೋಗಿ ಒಬ್ಬರೇ ಎಂದು ಹೋದರೆ ಮಗಳು, ಪಕ್ಕದ ಲೈನಿನವರು ಕೂಡಿಕೊಳ್ಳುತ್ತಾರೆ, ಯಾರನ್ನೂ ಬಿಡುವಂತಿರಬಾರದು. ಬೂಷ್ಟಿನ ಒಂದೇ ಒಂದು ಚುಕ್ಕೆ ಕಂಡರೂ ಇಡೀ ಪ್ಯಾಕೆಟ್ ಬಿಸಾಡಿ.

ದ್ರಾಕ್ಷಾರಸದ ವಿಷಯದಲ್ಲಿ ಕೊಡಗಿನವರಿಗೆ ಒಂದು ಎಚ್ಚರಿಕೆ ಬೇಕು. ಮಡಿಕೇರಿಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟ ಹೋಮ್‌ಮೇಡ್ ವೈನ್ ನೆಲ್ಲಿಕಾಯಿಯದಿರಬಹುದು, ಶುಂಠಿಯದಿರಬಹುದು, ಪ್ಯಾಶನ್ ಹಣ್ಣಿನದಿರಬಹುದು. ಬಣ್ಣ ಕೆಂಪಗಿದೆ ಎಂದು ತಂದರೆ ಆಗುವುದಿಲ್ಲ, ಮೇಜಿನ ಮೇಲೆ ಇರಬೇಕಾದದ್ದು ದ್ರಾಕ್ಷಿಯ ರಸ. ಹುಳಿಯೇರದ ರಸ ಬಳಸುವ ಸಭೆಗಳು ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವೇನಲ್ಲ. ಬೀಜವಿರುವ ಕಪ್ಪು ದ್ರಾಕ್ಷಿ ಒಂದು ಕಿಲೋ ತೊಳೆದು, ತೊಟ್ಟು ಬಿಡಿಸಿ, ಹಿಚುಕಿ, ನೀರು ಹಾಕದೆ ಸಣ್ಣ ಉರಿಯಲ್ಲಿ ಸಿಪ್ಪೆ ಬಣ್ಣ ಬಿಡುವವರೆಗೆ ಬಿಸಿ ಮಾಡಿ ಬಟ್ಟೆಯಲ್ಲಿ ಸೋಸಿದರೆ ಅರ್ಧ ಲೀಟರಿಗಿಂತ ಹೆಚ್ಚು ಸಿಗುತ್ತದೆ. ಸೋಸಿದ್ದನ್ನು ಮತ್ತೊಮ್ಮೆ ಹೊಗೆಯಾಡುವಷ್ಟು ಕಾಯಿಸಿ, ಕುದಿಸಿದ ಶೀಶೆಗಳಿಗೆ ಬಿಸಿಯಿರುವಾಗಲೇ ತುಂಬಿ. ದೊಡ್ಡ ಶೀಶೆ ಒಂದರ ಬದಲು ಸಣ್ಣವು ಐದಾರು ಮಾಡಿ. ಒಮ್ಮೆ ತೆರೆದ ರಸ ಫ್ರಿಜ್ಜಿನ ಹೊರಗೆ ಎರಡು ಮೂರು ದಿನದಲ್ಲಿ ಹುಳಿಯಲು ಶುರುವಾಗುತ್ತದೆ. ಬಿಗಿ ಮುಚ್ಚಿದ ಶೀಶೆಯಲ್ಲಿ ಹುಳಿದರೆ ಗಾಳಿಯ ಒತ್ತಡ ಏರಿ, ರೋಗಿಯ ಹಾಸಿಗೆಯ ಪಕ್ಕದಲ್ಲೇ ಮುಚ್ಚಳ ಹಾರಿ ಬಿಳಿ ಬಟ್ಟೆಯ ಮೇಲೆಲ್ಲ ಚಿಮ್ಮುತ್ತದೆ. ವೈನ್ ಬಳಸುವ ಸಭೆಯಾದರೂ ಒಂದು ಶೀಶೆ ಹುಳಿಯೇರದ ರಸ ಜೊತೆಗಿರಲಿ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿರುವವರ ಮುಂದೆ ವೈನ್ ಹಿಡಿಯಬಾರದು.

ಪೆಟ್ಟಿಗೆಯಲ್ಲಿ ಇಲ್ಲದ, ಇರಲೇಬೇಕಾದ ಕೆಲವು ಸಾಮಾನುಗಳಿವೆ. ಹಾಸಲು 40 ಸೆಂಟಿಮೀಟರ್ ಚೌಕದ ಬಿಳಿ ಬಟ್ಟೆ, ಕೈ ಒರೆಸಲು ಇನ್ನೊಂದು, ಒಂದು ಸ್ಟೀಲ್ ಟೀ ಚಮಚ, ಗಿಡ್ಡ ಮೇಣದ ಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ತಲೆಗೆ ಕಟ್ಟುವ ಟಾರ್ಚ್. ಮಳೆಗಾಲದಲ್ಲಿ ಕರೆಂಟು ಹೋದರೆ ಲೈನ್ ಮನೆಯೊಳಗೆ ಮಧ್ಯಾಹ್ನವೂ ಅಕ್ಷರ ಕಾಣುವುದಿಲ್ಲ. ರೋಗಿ ಆಮ್ಲಜನಕದ ಮೇಲಿದ್ದರೆ ಬತ್ತಿ ಹಚ್ಚಲೇಬಾರದು, ಆಗ ಟಾರ್ಚ್ ಒಂದೇ ಗತಿ. ಓದುವ ಭಾಗಗಳನ್ನು ದಪ್ಪ ಅಕ್ಷರದಲ್ಲಿ ಒಂದೇ ಹಾಳೆಗೆ ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿಸಿಟ್ಟರೆ ಬೈಬಲ್ ಒದ್ದೆಯಾಗುವ ಭಯವಿಲ್ಲ: 1 ಕೊರಿಂಥ 11ರ 23ರಿಂದ 26, ಒಂದು ಕೀರ್ತನೆ, ಪಾಪದರಿಕೆ, ಕರ್ತನ ಪ್ರಾರ್ಥನೆ. ಕೀರ್ತನೆ 23 ಎಲ್ಲರಿಗೂ ಬಾಯಿಪಾಠ, ರೋಗಿಯ ತುಟಿಯೂ ಜೊತೆಗೆ ಅಲುಗುತ್ತದೆ. ಬೆಟ್ಟಗಳ ಕಡೆಗೆ ಕಣ್ಣೆತ್ತುವ 121 ಈ ನೆಲದವರಿಗೆ ಇನ್ನೂ ಹತ್ತಿರ. ತೋಟಗಳಲ್ಲಿ ತಮಿಳು, ಮಲಯಾಳ ಮಾತಾಡುವವರು ಇರುವುದರಿಂದ ಕರ್ತನ ಪ್ರಾರ್ಥನೆಯನ್ನಾದರೂ ಆ ಭಾಷೆಗಳಲ್ಲಿ ಹಾಳೆಯ ಹಿಂಬದಿಗೆ ಹಾಕಿಸಿ.

ಎಷ್ಟೇ ಒಳ್ಳೆಯ ಪೆಟ್ಟಿಗೆಯಾದರೂ ಭಾನುವಾರದ ಭೇಟಿಗೆ ಕೆಲಸ ಗುರುವಾರ ಶುರುವಾಗಬೇಕು. ಗುರುವಾರ ಮನೆಯವರಿಗೆ ಫೋನು ಮಾಡಿ ಮೂರು ವಿಷಯ ಕೇಳಿ: ಈಗ ಏನು ನುಂಗುತ್ತಾರೆ, ಯಾವ ಹೊತ್ತಿಗೆ ಎಚ್ಚರವಾಗಿರುತ್ತಾರೆ, ಮನೆಯಲ್ಲಿ ಯಾರಿರುತ್ತಾರೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಗಳು ಸಂಜೆಯವರೆಗೆ ಖಾಲಿ, ಆಗ ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಬಾಗಿಲು ತೆರೆಯುವವರೂ ಇರುವುದಿಲ್ಲ. ಗೇಟು ದಾಟಬೇಕಾದ ತೋಟವಾದರೆ ರೈಟರಿಗೂ (ತೋಟದ ಗುಮಾಸ್ತರಿಗೂ) ಒಂದು ಮಾತು ಹೇಳಿಡಿ. ಶುಕ್ರವಾರ ಬಟ್ಟೆ ಒಗೆಯಿರಿ. ಮಳೆಯಲ್ಲಿ ಒಣಗಲು ಎರಡು ದಿನ ಬೇಕು, ಶನಿವಾರ ಒಗೆದರೆ ಒದ್ದೆ ಬಟ್ಟೆಯೇ ಗತಿ. ಶನಿವಾರ ರಾತ್ರಿ ಲೋಟಗಳನ್ನು ಬಿಸಿನೀರಲ್ಲಿ ತೊಳೆದು ಒರೆಸಿ ಜೋಡಿಸಿ, ವೇಫರ್ ಮತ್ತು ರಸ ಮಾತ್ರ ಬೆಳಗ್ಗೆಗೆ ಉಳಿಸಿ.

ನುಂಗುವ ಪ್ರಶ್ನೆಯನ್ನು ಫೋನಿನಲ್ಲೇ ಕೇಳಲು ಕಾರಣವಿದೆ. ಗಂಜಿ ಮಾತ್ರ ಇಳಿಯುವವರಿಗೆ ವೇಫರಿನ ಕಾಲುಭಾಗ ಮುರಿದು ಚಮಚದ ರಸದಲ್ಲಿ ನೆನೆಸಿ ಕೊಡಬಹುದು. ತಲೆದಿಂಬು ಎತ್ತರಿಸಿ, ಗಲ್ಲ ಸ್ವಲ್ಪ ಕೆಳಗಿರುವಂತೆ ಕೂರಿಸಿ. ಮೂಗಿನ ನಳಿಕೆ ಹಾಕಿದವರ ಬಾಯಿಗೆ ವೈದ್ಯರನ್ನು ಕೇಳದೆ ಏನನ್ನೂ ಇಡಬೇಡಿ. ಹಾಸಿಗೆಯ ಬಳಿ ನಿಂತು, ಎಲ್ಲರ ಎದುರು ಇದನ್ನು ಕೇಳುವುದು ರೋಗಿಗೆ ಅವಮಾನ. ಮೊದಲೇ ತಿಳಿದಿದ್ದರೆ ಆರಾಧನೆ ಎಲ್ಲೂ ತಡೆಯದೆ 20 ನಿಮಿಷದಲ್ಲಿ ಮುಗಿಯುತ್ತದೆ, ಅದಕ್ಕಿಂತ ಹೆಚ್ಚು ಹೊತ್ತು ಅವರನ್ನು ಕೂರಿಸಬಾರದು.

ಕಥೋಲಿಕ ಧರ್ಮಕೇಂದ್ರಗಳವರಿಗೆ, ವಿರಾಜಪೇಟೆಯಲ್ಲಿ 1792ರಿಂದ ಇರುವ ಸಂತ ಅನ್ನಮ್ಮನವರ ದೇವಾಲಯದಂಥ ಕಡೆಗಳವರಿಗೆ, ಈ ಪೆಟ್ಟಿಗೆ ಬೇಕಿಲ್ಲ. ದೇವಾಲಯದಲ್ಲೇ ಪ್ರತಿಷ್ಠಿತವಾದ ಪರಮಪ್ರಸಾದವನ್ನು (ಆಶೀರ್ವದಿಸಿದ ರೊಟ್ಟಿಯನ್ನು) ಪಿಕ್ಸ್ ಎಂಬ ಪುಟ್ಟ ಡಬ್ಬಿಯಲ್ಲಿ, ಕೊರಳಿಗೆ ತೂಗಿದ ಚೀಲದಲ್ಲಿ ನೇರವಾಗಿ ರೋಗಿಯ ಬಳಿಗೆ ಒಯ್ಯುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ಮುಚ್ಚಳದ ಕೊಂಡಿ ಗಟ್ಟಿಯಿದೆಯೇ, ಚೀಲದ ಹುರಿಗೆ ಎರಡು ಸಾಲು ಹೊಲಿಗೆ ಇದೆಯೇ ಎಂಬುದು. ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೂ ವಯಸ್ಸಾದವರಿಗೂ ಅವರ ಆರೈಕೆ ಮಾಡುವವರಿಗೂ ಇಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ಸಕ್ಕರೆ ಕಾಯಿಲೆಯ ಅಜ್ಜಂದಿರು ಬೆಳಗಿನಿಂದ ಹಸಿದು ಕಾಯುತ್ತಾರೆ.

ವಾಪಸಾದ ಮೇಲಿನ ಅರ್ಧ ಗಂಟೆ ಪೆಟ್ಟಿಗೆಯ ಆಯುಷ್ಯ ನಿರ್ಧರಿಸುತ್ತದೆ. ಆಶೀರ್ವದಿಸಿದ ರೊಟ್ಟಿ ರಸ ಉಳಿದರೆ ಭಕ್ತಿಯಿಂದ ರೋಗಿಯ ಮನೆಯಲ್ಲೇ ಸೇವಿಸಿ ಮುಗಿಸುವುದು ಒಳ್ಳೆಯದು. ಅದಕ್ಕೇ ಲೋಟಕ್ಕೆ ಮೊದಲೇ ಕಡಿಮೆ ಸುರಿಯಬೇಕು. ಮನೆಗೆ ಬಂದು ಲೋಟ, ತಟ್ಟೆ, ಶೀಶೆ, ವಾಷರ್ ಬಿಡಿಸಿ ತೊಳೆದು, ಒಲೆಯ ಬಳಿಯ ಬಿಸಿಗೆ ಆರಲು ಬಿಡಿ. ಪೆಟ್ಟಿಗೆಯನ್ನು ರಾತ್ರಿಯಿಡೀ ತೆರೆದಿಟ್ಟು ಬೆಳಗ್ಗೆ ಮುಚ್ಚಿ. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ, ಯಾವ ಮನೆಗೆ ಯಾವ ದಿನ ಹೋದದ್ದು, ಮುಂದೆ ಎಂದು ಹೋಗಬೇಕು, ಅಲ್ಲಿ ಚಮಚ ಬೇಕೇ, ಯಾವ ಭಾಷೆ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಥಂಡಿಗೆ ಹರಡುತ್ತದೆ.