ಸಂಸದ್ ಟಿವಿ: ಗಲಾಟೆ ಕೇಳಿಸುತ್ತೆ, ಕಾಣಿಸಲ್ಲ

ಗಂಗಾವತಿಯಲ್ಲಿ ನಮ್ಮದು ಗೊಬ್ಬರದ ಅಂಗಡಿ. ಅಧಿವೇಶನ ಇದ್ದಾಗ, ಸಂಸತ್ತಿನ ಕಲಾಪ ನೇರವಾಗಿ ತೋರಿಸುವ ಸಂಸದ್ ಟಿವಿ ಹಚ್ಚಿರುತ್ತೇನೆ. ಆಂಕರ್‌ಗಳ ಕಿರುಚಾಟ ಇಲ್ಲ, ಅದೇ ದೊಡ್ಡ ಸುಖ. ಆದರೆ ಗದ್ದಲ ಜಾಸ್ತಿಯಾದರೆ ಕ್ಯಾಮೆರಾ ಸ್ಪೀಕರ್ ಮುಖಕ್ಕೇ ಅಂಟಿಕೊಳ್ಳುತ್ತದೆ. ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ ಇಳಿದವರು ಯಾರು, ಅವರ ಕೈಯಲ್ಲಿನ ಫಲಕದಲ್ಲಿ ಏನಿದೆ, ಗೊತ್ತೇ ಆಗುವುದಿಲ್ಲ.

2021ರ ನವೆಂಬರ್ 29ರಂದು ಮೂರು ಕೃಷಿ ಕಾಯ್ದೆ ರದ್ದುಮಾಡುವ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ ಪಾಸಾಯಿತು. ಚರ್ಚೆ ಬೇಕೆಂದು ವಿರೋಧ ಪಕ್ಷದವರು ಕೂಗುತ್ತಲೇ ಇದ್ದರು. ವರ್ಷಕ್ಕೂ ಮೀರಿದ ಜಗಳ, ಮುಗಿದಿದ್ದು ನಿಮಿಷಗಳಲ್ಲಿ! ಭತ್ತ ಬೆಳೆಯುವ ಗಿರಾಕಿಯೊಬ್ಬರು, "ಯಾಕ್ರೀ ಸಾಹುಕಾರ್ರ, ಮುಗೀತಾ?" ಅಂದರು. ಪರದೆ ಮೇಲೆ ಹಿಂದಿ, ಇಂಗ್ಲಿಷ್. ಕನ್ನಡದಲ್ಲಿ ಒಂದು ಸಾಲು ಓಡಿಸಿದ್ದರೆ, ವ್ಯಾಪಾರ ಬಿಟ್ಟು ವಿವರಿಸುವ ಕೆಲಸ ನನಗೆ ತಪ್ಪುತ್ತಿತ್ತು ಅಲ್ವಾ? ಐದಕ್ಕೆ ಮೂರು ಸ್ಟಾರ್.