ಆಕಾಶವಾಣಿ: ವರ್ಷಗಟ್ಟಲೆ ಕೇಳಿದ ಮೇಲೆ ಬರೆದ ವಿಮರ್ಶೆ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಸಂಗೀತಕ್ಕೆ, ಆಯಾ ಊರಿನ ಕಾರ್ಯಕ್ರಮಗಳಿಗೆ ಐದಕ್ಕೆ ಐದು. ಸುದ್ದಿಗೆ ಎರಡೇ. ಬೆಲೆಯ ಮಾತೇ ಇಲ್ಲ. ಒಂದು ಕಾಲದಲ್ಲಿ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಈಗ ಎಲ್ಲ ಪುಕ್ಕಟೆ.

ಬೆಳಗ್ಗೆ ತಂಬೂರಿಯ ಶ್ರುತಿ ಮೇಲೆ ಪಿಟೀಲು ಬರುತ್ತದಲ್ಲ, ಆ ರಾಗ ಕೇಳಿದರೆ ಇದಕ್ಕಿಂತ ನಮ್ಮದು ಇನ್ನೊಂದಿಲ್ಲ ಅನ್ನಿಸುತ್ತದೆ. ಅದನ್ನು ಮಾಡಿದ್ದು ವಾಲ್ಟರ್ ಕೌಫ್‌ಮನ್, ಯುರೋಪಿನಿಂದ ಮುಂಬೈಗೆ ಬಂದಿದ್ದ ಯಹೂದಿ ಸಂಗೀತಗಾರ. ‘ಆಕಾಶವಾಣಿ’ ಅನ್ನೋ ಹೆಸರು ಮಾತ್ರ ಮೈಸೂರಿನದು. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರು ಮಾಡಿದರು. ಅದರ ಹೆಸರನ್ನೇ ಮುಂದೆ ದೆಹಲಿಯ ಆಲ್ ಇಂಡಿಯಾ ರೇಡಿಯೊ ತೆಗೆದುಕೊಂಡಿತು.

ನನ್ನ ಲೆಕ್ಕದಲ್ಲಿ, ‘ದೇಶದ ಸಂಸ್ಕೃತಿ ಹೀಗಿರಬೇಕು’ ಅಂತ ಮೇಲಿನಿಂದ ಅಪ್ಪಣೆ ಕೊಟ್ಟಾಗೆಲ್ಲ ಆಕಾಶವಾಣಿ ಸೋತಿದೆ. ಹಾರ್ಮೋನಿಯಂ ಕಥೆ ನೋಡಿ. ಅದು ಪರದೇಶದ ವಾದ್ಯ, ಅದರಲ್ಲಿ ಗಮಕ, ಅಂದರೆ ಸ್ವರದ ಬಳುಕು, ಬರುವುದಿಲ್ಲ ಅಂತ 1940ರಲ್ಲಿ ರೇಡಿಯೊದಿಂದ ಹೊರಗಿಟ್ಟರು. ಇಂಗ್ಲಿಷರು ಹೋದರೂ ನಿಷೇಧ ಹೋಗಲಿಲ್ಲ, 1971ರ ತನಕ ಇತ್ತು! ನಮ್ಮ ಉತ್ತರ ಕರ್ನಾಟಕದಲ್ಲಿ ಪೇಟಿ ಇಲ್ಲದ ಭಜನೆ ಉಂಟೇ? ಕಂಪನಿ ನಾಟಕ ಉಂಟೇ? ಸಿನಿಮಾ ಹಾಡಿನ ಗತಿಯೂ ಅಷ್ಟೇ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಅದು ಹಗುರ ಸರಕು. ಕೇಳುಗರು ಜಗಳಕ್ಕೇನೂ ಹೋಗಲಿಲ್ಲ, ಸುಮ್ನೆ ಮುಳ್ಳನ್ನು ಸಿನಿಮಾ ಹಾಡು ಹಾಕುತ್ತಿದ್ದ ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆ ತಿರುಗಿಸಿದರು. 1957ರಲ್ಲಿ ಆಕಾಶವಾಣಿಯದೇ ಹಾಡಿನ ವಾಹಿನಿ ವಿವಿಧ ಭಾರತಿ ಬಂದದ್ದು ಅವರನ್ನು ವಾಪಸ್ ಕರೆಯೋಕೆ.

ಗೆದ್ದದ್ದು ನಿಲಯಗಳಲ್ಲಿ. ಧಾರವಾಡ ನಿಲಯ 1950ರಲ್ಲಿ ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರಂಥವರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಮಂಗಳೂರು ಹಾಕಿದರೆ ತುಳು, ಕೊಂಕಣಿ. ಮಡಿಕೇರಿ ಹಾಕಿದರೆ ಕೊಡವ ತಕ್ಕ್. ಕರ್ನಾಟಕ ಅಂದರೆ ಒಂದೇ ಥರದ ಕನ್ನಡ ಅಲ್ಲ ಅಂತ ನನಗೆ ಪುಸ್ತಕಕ್ಕಿಂತ ಜಾಸ್ತಿ ಕಲಿಸಿದ್ದು ಇದೇ. ಕೃಷಿ ಕಾರ್ಯಕ್ರಮವನ್ನಂತೂ ಹೊಲ ಇಲ್ಲದಿದ್ದರೂ ಕೇಳಿ. ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆಯ ಕೊಳೆರೋಗದ ಮಾತು ಬಂದೇ ಬರುತ್ತದೆ. ಅದಕ್ಕೆ ಸಿಂಪಡಿಸುವ ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಲೋಹದ ಪಾತ್ರೆ ಬೇಡ. ಬರೆದುಕೊಳ್ಳುವವರಿಗೆ ಸಿಗಲಿ ಅಂತ ಇದನ್ನೆಲ್ಲ ನಿಧಾನವಾಗಿ ಹೇಳುತ್ತಾರೆ. ಆ ತಾಳ್ಮೆ ಬೇರೆ ಯಾವ ಚಾನೆಲ್‌ನಲ್ಲಿದೆ ಹೇಳಿ? ಕೋರಿಕೆ ಹಾಡುಗಳಲ್ಲೂ ಹಾಗೇ. ಹಾಡಿಗಿಂತ ಮುಂಚೆ ಊರು, ಕೇರಿ, ಮನೆಮಂದಿಯ ಹೆಸರು ಒಂದೊಂದಾಗಿ ಓದುತ್ತಾರೆ. ಕೆಲವರಿಗೆ ಬೇಜಾರು. ನನಗೆ ಹಾಡಿಗಿಂತ ಅದೇ ಇಷ್ಟ.

ಇನ್ನು ಸುದ್ದಿ. ಉಚ್ಚಾರ ಚೆನ್ನ, ಕಿರುಚಾಟ ಇಲ್ಲ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಮಂತ್ರಿಗಳು ಉದ್ಘಾಟಿಸಿದರು, ಮಂತ್ರಿಗಳು ಕರೆ ನೀಡಿದರು, ಇಷ್ಟರಲ್ಲೇ ಅರ್ಧ ಸಮಯ ಕಳೆಯಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ಮಾತು ಕೇಳದ ಕಿಶೋರ್ ಕುಮಾರ್ ಹಾಡುಗಳನ್ನೇ ಇಲ್ಲಿ ನಿಲ್ಲಿಸಿದ್ದರು. 1997ರಲ್ಲಿ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆಯಾಯಿತು, ಕಾಗದದ ಮೇಲೆ. ಯಾವ ಪಕ್ಷ ಬಂದರೂ ಧಾಟಿ ಬದಲಾಗಿಲ್ಲ. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಕೊಡುವ ಹಾಗೂ ಇಲ್ಲ, ಬೇಕಿದ್ದರೆ ಇದನ್ನೇ ಮರುಪ್ರಸಾರ ಮಾಡಬೇಕು. ಹಾಗಾಗಿ ಸರ್ಕಾರ ಏನು ಹೇಳುತ್ತಿದೆ ಅಂತ ತಿಳಿಯಲು ಮಾತ್ರ ಕೇಳಿ, ಉಳಿದದ್ದಕ್ಕೆ ಪತ್ರಿಕೆ ತರಿಸಿ.

ಮೀಡಿಯಂ ವೇವ್‌ನಲ್ಲಿ ಕೇಳುವವರು ಹತ್ತಿರದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್ ಆಫ್ ಮಾಡಿ. ಅರ್ಧ ಕರಕರ ಅವುಗಳದ್ದೇ. ಆಮೇಲೆ ಆಂಟೆನಾ ಎಳೆಯಬೇಡಿ, ಮೀಡಿಯಂ ವೇವ್‌ಗೆ ಅದು ಉಪಯೋಗಕ್ಕಿಲ್ಲ. ಸೆಟ್ಟನ್ನೇ ಮೆಲ್ಲಗೆ ತಿರುಗಿಸಿ, ಒಂದು ದಿಕ್ಕಿನಲ್ಲಿ ದನಿ ಚೆನ್ನಾಗಿ ಸಿಗುತ್ತದೆ. ಹೊರದೇಶದವರಿಗೆ ನ್ಯೂಸ್ ಆನ್ ಏರ್ ಆಪ್ ಇದೆ. ಶಾಸ್ತ್ರೀಯ ಸಂಗೀತಕ್ಕೆ ಅದರಲ್ಲಿ ರಾಗಂ ವಾಹಿನಿ ಹಾಕಿ, ದಿನವಿಡೀ ಬರುತ್ತದೆ. ಊರಿನ ನಿಲಯ ಬೇಕಾದರೆ ಮಾತ್ರ ಗಡಿಯಾರ ನೋಡಿಕೊಳ್ಳಿ. ನ್ಯೂಜೆರ್ಸಿಯಲ್ಲಿದ್ದರೆ ಬೆಳಗಿನ ಭಕ್ತಿಗೀತೆ ರಾತ್ರಿ ಊಟದ ಹೊತ್ತಿಗೆ ಸಿಗುತ್ತದೆ.